ಹಳೇ ಹ್ಯಾಂಡಿಕ್ಯಾಮ್ ಕೈಕೊಟ್ಟಾಗ: ಮಿನಿ ಡಿವಿ ಕ್ಯಾಮೆರಾದ ದೋಷ ಹುಡುಕುವ ದಾರಿ

ಬೆಂಗಳೂರಿನ ಎಷ್ಟೋ ಮನೆಗಳ ಅಟ್ಟದಲ್ಲೋ ಬೀರುವಿನ ಮೇಲಿನ ಸೂಟ್‌ಕೇಸಿನಲ್ಲೋ ಒಂದು ಹ್ಯಾಂಡಿಕ್ಯಾಮ್ ಇದ್ದೇ ಇರುತ್ತದೆ. ಜೊತೆಗೆ ನಾಮಕರಣ, ಉಪನಯನ, ಗೃಹಪ್ರವೇಶ ಅಂತ ಪೆನ್ನಿನಲ್ಲಿ ಬರೆದ ಒಂದು ಡಬ್ಬ ಪುಟ್ಟ ಡಿಜಿಟಲ್ ಕ್ಯಾಸೆಟ್‌ಗಳು, ಅಂದರೆ ಮಿನಿ ಡಿವಿ. ಈಗ ಅವನ್ನು ನೋಡಬೇಕು, ಇಲ್ಲವೇ ಕಂಪ್ಯೂಟರಿಗೆ ಹಾಕಿಕೊಳ್ಳಬೇಕು ಅನ್ನಿಸಿದಾಗ ಕ್ಯಾಮೆರಾ ಒಂದಲ್ಲ ಒಂದು ತಕರಾರು ತೆಗೆಯುತ್ತದೆ. ಕೆಲವರು ಅದಕ್ಕಾಗಿಯೇ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಳ್ಳುತ್ತಾರೆ. ಅದೂ ತಕರಾರು ಮಾಡುತ್ತದೆ. ಈ ಬರಹ ಇಬ್ಬರಿಗೂ.

ಸ್ಕ್ರೂಡ್ರೈವರ್ ಹುಡುಕುವ ಮೊದಲು ಒಂದು ಮಾತು. ಕ್ಯಾಮೆರಾ ಪೂರ್ತಿ ಹಾಳಾದರೆ ಅದೇ ಥರದ್ದು ಇನ್ನೊಂದು ಸಿಗುತ್ತದೆ. ಕ್ಯಾಸೆಟ್ ಹರಿದರೆ ಆ ಮದುವೆ ಇನ್ನೆಲ್ಲೂ ಸಿಗುವುದಿಲ್ಲ. ಹಾಗಾಗಿ ಏನೇ ಪರೀಕ್ಷೆ ಮಾಡಿದರೂ ಮೊದಲು ಹೋದರೂ ಪರವಾಗಿಲ್ಲ ಅನ್ನುವ ಒಂದು ಕ್ಯಾಸೆಟ್ ಹಾಕಿ ನೋಡಿ. ಖಾಲಿ ಕ್ಯಾಸೆಟ್ ಆದರೂ ಸರಿ, ಟಿವಿಯಿಂದ ರೆಕಾರ್ಡ್ ಮಾಡಿಟ್ಟ ಕ್ರಿಕೆಟ್ ಮ್ಯಾಚ್ ಆದರೂ ಸರಿ. ಅದು ಐದು ನಿಮಿಷ ಓಡಿ, ರಿವೈಂಡ್ ಆಗಿ, ಸುರಕ್ಷಿತವಾಗಿ ಹೊರಗೆ ಬಂದ ಮೇಲೆಯೇ ಮನೆಯ ಕ್ಯಾಸೆಟ್ ಒಳಗೆ ಹೋಗಬೇಕು.

ಆ ಮನೆಯ ಕ್ಯಾಸೆಟ್ ಹಾಕುವ ಮೊದಲು ಅದರ ಅಂಚಿನಲ್ಲಿರುವ ಸಣ್ಣ ತಡೆಯನ್ನು 'ಸೇವ್' ಕಡೆಗೆ ಸರಿಸಿ. ಆಗ ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಹಳೆಯದು ಅಳಿಸಿಹೋಗುವುದಿಲ್ಲ.

ಆನ್ ಆಗುವುದೇ ಇಲ್ಲ

ಹತ್ತು ಹದಿನೈದು ವರ್ಷ ಸುಮ್ನೆ ಬಿದ್ದಿದ್ದ ಲಿಥಿಯಂ ಬ್ಯಾಟರಿ ಸತ್ತಿರುವುದು ಸಹಜ. ಅದಕ್ಕೆ ಕ್ಯಾಮೆರಾವನ್ನು ಬೈಯಬೇಡಿ. ಬ್ಯಾಟರಿ ತೆಗೆದಿಟ್ಟು, ಅಡಾಪ್ಟರನ್ನು ನೇರವಾಗಿ ಕ್ಯಾಮೆರಾಕ್ಕೆ ಚುಚ್ಚಿ ನೋಡಿ. ಆಗ ಆನ್ ಆದರೆ ದೋಷ ಬ್ಯಾಟರಿಯದ್ದು, ಕಥೆ ಅಲ್ಲಿಗೆ ಮುಗಿಯಿತು. ಕ್ಯಾಸೆಟ್ ಕಾಪಿ ಮಾಡುವುದಷ್ಟೇ ನಿಮ್ಮ ಕೆಲಸ ಅಂದರೆ ಹೊಸ ಬ್ಯಾಟರಿಯೇ ಬೇಡ, ಅಡಾಪ್ಟರ್ ಮೇಲೆಯೇ ನಡೆಯುತ್ತದೆ.

ಅಡಾಪ್ಟರಿನಲ್ಲೂ ಆನ್ ಆಗದಿದ್ದರೆ ಮಲ್ಟಿಮೀಟರ್ ಇರುವವರು ಅದರ ಔಟ್‌ಪುಟ್ ಅಳೆಯಿರಿ. ಸೋನಿಯ ಎಷ್ಟೋ ಮಾಡೆಲ್‌ಗಳಲ್ಲಿ ಅದು 8.4 ವೋಲ್ಟ್ ಇರುತ್ತದೆ. ಬೇರೆ ಕಂಪನಿಗಳಲ್ಲಿ ಬೇರೆ, ಅಡಾಪ್ಟರ್ ಮೇಲಿನ ಚೀಟಿಯಲ್ಲಿ ಬರೆದಿರುತ್ತಾರೆ. ಪಿನ್ ಕೂತಿತು ಅಂತ ಯಾವುದೋ ರೂಟರಿನ 12 ವೋಲ್ಟ್ ಅಡಾಪ್ಟರ್ ಚುಚ್ಚಬೇಡಿ. ಅಮೆರಿಕದಿಂದ ಬಂದ ಅಡಾಪ್ಟರ್ ಆಗಿದ್ದರೆ ಚೀಟಿಯಲ್ಲಿ 100–240 ವೋಲ್ಟ್ ಅಂತ ಇದೆಯಾ ಎಂದು ನೋಡಿಯೇ ನಮ್ಮ ಪ್ಲಗ್ಗಿಗೆ ಹಾಕಿ. ಹೆಚ್ಚಿನವು ಹಾಗೇ ಇರುತ್ತವೆ. 120 ಮಾತ್ರ ಅಂತಿದ್ದರೆ ನಮ್ಮ 230 ವೋಲ್ಟಿಗೆ ಸುಟ್ಟುಹೋಗುತ್ತದೆ.

ಅಡಾಪ್ಟರ್ ಸರಿ ಇದ್ದೂ ಕ್ಯಾಮೆರಾ ಸತ್ತಂತೇ ಇದ್ದರೆ ರಿಸೆಟ್ ಬಟನ್ ಹುಡುಕಿ. ಎಲ್‌ಸಿಡಿ ಮಡಚುವ ಜಾಗದಲ್ಲೋ ಬದಿಯ ಮುಚ್ಚಳದ ಒಳಗೋ ಸೂಜಿಮೊನೆಯಷ್ಟು ತೂತು ಇರುತ್ತದೆ, ಎಲ್ಲ ಮಾಡೆಲ್‌ಗಳಲ್ಲೂ ಇರುವುದಿಲ್ಲ. ಅದಕ್ಕೂ ಜಗ್ಗದಿದ್ದರೆ ಒಳಗಿನ ಫ್ಯೂಸೋ ಪವರ್ ಬೋರ್ಡೋ ಹೋಗಿದೆ. ಮುಂದಿನದು ರಿಪೇರಿಯವರ ಕೆಲಸ.

ಬ್ಯಾಟರಿ ಉಬ್ಬಿದ್ದರೆ, ಸ್ಲಾಟಿನಿಂದ ಹೊರಗೆ ಬರಲು ಬಿಗಿಯಾಗಿದ್ದರೆ, ಚಾರ್ಜಿಗೆ ಹಾಕಲೇಬೇಡಿ. ಚಾಕುವಿನಿಂದ ಮೀಟಬೇಡಿ, ಚುಚ್ಚಬೇಡಿ. ಕಸದ ಗಾಡಿಗೂ ಹಾಕಬೇಡಿ. ಬೆಂಕಿ ಹತ್ತಿಕೊಳ್ಳುವ ವಸ್ತು ಅದು. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.

ಕ್ಯಾಸೆಟ್ ಒಳಗೆ ಹೋಗುವುದಿಲ್ಲ, ಹೋದರೆ ಹೊರಗೆ ಬರುವುದಿಲ್ಲ

ಅರ್ಧ ಪಾಲು ಇದು ನಮ್ಮ ಕೈಯ ತಪ್ಪು. ಈ ಕ್ಯಾಮೆರಾಗಳಲ್ಲಿ ಎರಡು ಬಾಗಿಲು ಇರುತ್ತವೆ. ಹೊರಗಿನ ಪ್ಲಾಸ್ಟಿಕ್ ಮುಚ್ಚಳ ಒಂದು, ಒಳಗೆ ಕ್ಯಾಸೆಟ್ ಕೂರುವ ಲೋಹದ ಗೂಡು ಇನ್ನೊಂದು. ಮೊದಲು ಒಳಗಿನ ಗೂಡನ್ನು 'ಪುಶ್' ಅಂತ ಬರೆದ ಜಾಗದಲ್ಲಿ ಮಾತ್ರ ಮೆಲ್ಲಗೆ ಒತ್ತಬೇಕು. ಆಮೇಲೆ ಕೈ ತೆಗೆಯಬೇಕು. ಮೋಟಾರು ಅದನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ಪೂರ್ತಿ ಒಳಗೆ ಹೋದ ಮೇಲೆ ಹೊರಗಿನ ಮುಚ್ಚಳ ಹಾಕಬೇಕು. ಅವಸರದಲ್ಲಿ ಎರಡನ್ನೂ ಒಟ್ಟಿಗೆ ಅದುಮಿದರೆ ಗೂಡಿನ ಕೈಗಳು ಬಾಗುತ್ತವೆ. ಒಂದು ಸಲ ಬಾಗಿದರೆ ಮತ್ತೆ ಯಾವ ಕ್ಯಾಸೆಟ್ಟೂ ಸರಿಯಾಗಿ ಕೂರುವುದಿಲ್ಲ.

ಕೆಳಗಿನಿಂದ ಕ್ಯಾಸೆಟ್ ಹಾಕುವ ಮಾಡೆಲ್ ಆಗಿದ್ದರೆ ಟ್ರೈಪಾಡ್ ಬಿಚ್ಚಿದ್ದೀರಾ ನೋಡಿ. ನಗಬೇಡಿ, 'ಬಾಗಿಲು ತೆರೆಯುತ್ತಿಲ್ಲ' ಅನ್ನುವ ದೂರಿಗೆ ಇದೂ ಒಂದು ಕಾರಣ.

ಸಿಕ್ಕಿಕೊಂಡ ಕ್ಯಾಸೆಟ್ ತೆಗೆಯುವುದಕ್ಕೆ ಮೊದಲ ಉಪಾಯ ಪವರ್ ಕತ್ತರಿಸುವುದು. ಅಡಾಪ್ಟರ್, ಬ್ಯಾಟರಿ ಎರಡನ್ನೂ ತೆಗೆದು ಹತ್ತು ನಿಮಿಷ ಬಿಡಿ. ಆಮೇಲೆ ಅಡಾಪ್ಟರನ್ನು ಮಾತ್ರ ಹಾಕಿ ಇಜೆಕ್ಟ್ ಒತ್ತಿ. ಸುಸ್ತಾದ ಬ್ಯಾಟರಿಯಲ್ಲಿ ಮೋಟಾರಿಗೆ ಕಸುವು ಸಾಲದೆ ಅರ್ಧಕ್ಕೆ ನಿಂತಿದ್ದರೆ ಇಷ್ಟಕ್ಕೇ ಹೊರಗೆ ಬರುತ್ತದೆ.

ಬರಲಿಲ್ಲ ಅಂದರೆ ಪರದೆ ಏನು ಹೇಳುತ್ತಿದೆ ಓದಿ. ಸೋನಿಯಲ್ಲಿ 'ಸಿ:31' ಅಥವಾ 'ಸಿ:32' ಅಂತ ಶುರುವಾಗುವ ಅಂಕಿ ಬಂದರೆ ಟೇಪ್ ಎಳೆಯುವ ಯಂತ್ರ ತನ್ನ ಜಾಗಕ್ಕೆ ತಲುಪಿಲ್ಲ ಅಂತ ಅರ್ಥ. ಜೆವಿಸಿಯಲ್ಲಿ 'ಸೇಫ್‌ಗಾರ್ಡ್ ಮೋಡ್' ಅಂತ ಬರುತ್ತದೆ, ಬ್ಯಾಟರಿ ತೆಗೆದು ಹಾಕಿ ಅನ್ನುತ್ತದೆ. ಎರಡು ಮೂರು ಸಲ ಪವರ್ ತೆಗೆದು ಹಾಕಿಯೂ ಅದೇ ಸಂದೇಶ ಬಂದರೆ ಅಲ್ಲಿಗೆ ನಿಲ್ಲಿಸಿ. ಪದೇ ಪದೇ ಇಜೆಕ್ಟ್ ಒತ್ತುತ್ತಾ ಹೋದರೆ ಒಳಗೆ ತಿರುಗುವ ಉರುಳೆ, ಅಂದರೆ ಡ್ರಮ್ಮಿಗೆ ಸುತ್ತಿಕೊಂಡ ಟೇಪು ಮಡಚಿ ಕಿತ್ತುಬರುತ್ತದೆ.

ಬಾಗಿಲು ತೆರೆದಾಗ ಟೇಪ್ ಕುಣಿಕೆಯಂತೆ ಒಳಗೇ ಸಿಕ್ಕಿಕೊಂಡಿರುವುದು ಕಂಡರೆ ಎಳೆಯಬೇಡಿ, ಕತ್ತರಿಸಲೂ ಬೇಡಿ. ಮಿನಿ ಡಿವಿ ಟೇಪಿನ ಅಗಲ 6.35 ಮಿಲಿಮೀಟರ್ ಅಷ್ಟೇ, ಬಹಳ ತೆಳು. ಒಂದು ಸಲ ಎಳೆದು ಹಿಗ್ಗಿದ ಭಾಗದಲ್ಲಿ ಚಿತ್ರ ಮತ್ತೆ ಬರುವುದಿಲ್ಲ. ಕ್ಯಾಮೆರಾ ಆಫ್ ಮಾಡಿ, ಹಾಗೇ ಟವೆಲ್ಲಿನಲ್ಲಿ ಸುತ್ತಿ ತಿಳಿದವರ ಹತ್ತಿರ ಒಯ್ಯಿರಿ.

ನೀರಿನ ಹನಿಯ ಗುರುತು ಬಂದು ಎಲ್ಲ ನಿಂತುಬಿಡುತ್ತದೆ

ಸೋನಿಯಲ್ಲಿ ಇದರ ಅಂಕಿ 'ಸಿ:21:00'. ಒಳಗಿನ ಡ್ರಮ್ ಮೇಲೆ ತೇವ ಕೂತಿದೆ ಅಂತ ಕ್ಯಾಮೆರಾ ಹೇಳುತ್ತಿದೆ. ಒದ್ದೆ ಡ್ರಮ್ಮಿಗೆ ಟೇಪ್ ಅಂಟಿಕೊಂಡರೆ ಎರಡೂ ಹಾಳು, ಅದಕ್ಕೇ ಅದು ಮುಷ್ಕರ ಹೂಡುತ್ತದೆ. ಜೂನ್‌ನಿಂದ ಮಳೆಗಾಲ ಮುಗಿಯುವವರೆಗೆ ಬೆಂಗಳೂರಿನಲ್ಲಿ ಇದು ಕಾಣುವುದು ಜಾಸ್ತಿ. ಎಸಿ ಕಾರಿನಿಂದ ಇಳಿದು ಮಳೆಯ ಸೆಕೆಗೆ ಕ್ಯಾಮೆರಾ ತೆರೆದರೂ ಆಗಬಹುದು.

ಕ್ಯಾಸೆಟ್ ಹೊರಗೆ ಬಂದರೆ ತೆಗೆಯಿರಿ. ಬಾಗಿಲು ತೆರೆದಿಟ್ಟು ಕನಿಷ್ಠ ಒಂದು ಗಂಟೆ ಬಿಡಿ. ಮಳೆ ಹಿಡಿದ ದಿನವಾದರೆ ಇನ್ನೂ ಜಾಸ್ತಿ ಬೇಕು. ಹೇರ್ ಡ್ರೈಯರ್ ಬೇಡ, ಬಿಸಿಲಲ್ಲಿ ಇಡುವುದೂ ಬೇಡ. ಕ್ಯಾಮೆರಾವನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಮುಚ್ಚಳದ ಡಬ್ಬದಲ್ಲಿ ಒಂದೆರಡು ದಿನ ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಒಣ ಹವೆಯಲ್ಲೂ ಹನಿ ಗುರುತು ಹೋಗುವುದೇ ಇಲ್ಲ ಅಂದರೆ ತೇವ ಅಳೆಯುವ ಸೆನ್ಸರೇ ಕೆಟ್ಟಿರಬಹುದು.

ಬೀರುವಿನಲ್ಲಿ ಕ್ಯಾಮೆರಾ ಇಡುವವರು ರೇಷ್ಮೆ ಸೀರೆಗೆ ಹಾಕುವ ನುಸಿಗುಳಿಗೆಯನ್ನು ಅದರ ಹತ್ತಿರ ಇಡಬೇಡಿ. ಅದರ ಆವಿ ಪ್ಲಾಸ್ಟಿಕ್ಕಿಗೆ ಒಳ್ಳೆಯದಲ್ಲ.

ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಅಡ್ಡ ಪಟ್ಟೆ ಬರುತ್ತದೆ, ಧ್ವನಿ ಕಟ್ ಕಟ್ ಆಗುತ್ತದೆ

ಅತಿ ಹೆಚ್ಚು ಜನ ಹೇಳುವ ದೂರು ಇದೇ. ಇಲ್ಲಿ ನಿಧಾನವಾಗಿ ಹೋಗೋಣ.

ಒಳಗೆ ಏನಾಗುತ್ತಿದೆ ಅಂತ ತಿಳಿದರೆ ಗುರುತು ಓದುವುದು ಸುಲಭ. ಪ್ಲೇ ಒತ್ತಿದಾಗ ಒಂದು ಪುಟ್ಟ ಡ್ರಮ್ ನಿಮಿಷಕ್ಕೆ 9,000 ಸುತ್ತು ತಿರುಗುತ್ತದೆ. ಅದರಲ್ಲಿ ಎದುರು ಬದುರಾಗಿ ಟೇಪನ್ನು ಓದುವ ಎರಡು ಹೆಡ್‌ಗಳಿವೆ. ನಮ್ಮ ದೇಶದ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ, ಒಂದೊಂದು ಚಿತ್ರ 12 ಓರೆ ಗೆರೆಗಳಲ್ಲಿ ಟೇಪಿನ ಮೇಲೆ ಕೂತಿರುತ್ತದೆ. ಆರು ಗೆರೆ ಒಂದು ಹೆಡ್ ಓದಿದರೆ ಉಳಿದ ಆರು ಇನ್ನೊಂದರದ್ದು. ಒಂದು ಗೆರೆಯ ಅಗಲ 10 ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ಕಿರಿದು. ಹೆಡ್ ಮೇಲೆ ಚಿಟಿಕೆ ಪುಡಿ ಕೂತರೂ ಓದು ತಪ್ಪುವುದು ಇದಕ್ಕೇ.

ಹಾಗಾಗಿ ಪರದೆ ತುಂಬಾ ಸಮ ಅಂತರದ ಅಡ್ಡ ಪಟ್ಟೆ ಬಂದು, ಒಂದು ಪಟ್ಟೆ ಚೆನ್ನಾಗಿ, ಪಕ್ಕದ್ದು ಹಾಳಾಗಿ ಕಂಡರೆ ಎರಡರಲ್ಲಿ ಒಂದು ಹೆಡ್ ಕಟ್ಟಿಕೊಂಡಿದೆ. ಎಲ್ಲೋ ಒಂದೊಂದು ಕಡೆ ಚೌಕ ಮಿಂಚಿ ಮಾಯವಾದರೆ ಆ ಜಾಗದಲ್ಲಿ ಟೇಪಿನ ಲೇಪ ಉದುರಿದೆ. ಅದೇ ಜಾಗದಲ್ಲಿ ಪ್ರತಿ ಸಲವೂ ಬರುತ್ತದಾ ಅಂತ ರಿವೈಂಡ್ ಮಾಡಿ ನೋಡಿ. ಅದೇ ಸೆಕೆಂಡಿನಲ್ಲಿ ಬಂದರೆ ತಪ್ಪು ಟೇಪಿನದ್ದು, ಜಾಗ ಬದಲಾಗುತ್ತಿದ್ದರೆ ಹೆಡ್ಡಿನದ್ದು.

ಹೆಡ್ ಕ್ಲೀನಿಂಗಿಗೆ ಹೋಗುವ ಮೊದಲು ಖರ್ಚಿಲ್ಲದ ಕೆಲಸ ಒಂದಿದೆ. ಪರೀಕ್ಷೆಯ ಕ್ಯಾಸೆಟ್ಟಿನಲ್ಲಿ ಯಂತ್ರ ಸರಿಯಾಗಿ ಓಡುತ್ತಿದ್ದರೆ, ಮನೆಯ ಕ್ಯಾಸೆಟ್ ಹಾಕಿ ಕೊನೆಯವರೆಗೆ ಫಾಸ್ಟ್ ಫಾರ್ವರ್ಡ್ ಮಾಡಿ, ಮತ್ತೆ ಮೊದಲಿಗೆ ರಿವೈಂಡ್ ಮಾಡಿ. ವರ್ಷಗಟ್ಟಲೆ ಒಂದೇ ಥರ ಸುತ್ತಿಕೊಂಡು ಕೂತ ಟೇಪ್ ಸಡಿಲವಾಗಿ ಮತ್ತೆ ಸಮನಾಗಿ ಸುತ್ತಿಕೊಳ್ಳುತ್ತದೆ. ಎಷ್ಟೋ ಸಲ ಇಷ್ಟಕ್ಕೇ ಚಿತ್ರ ನೆಟ್ಟಗಾಗುತ್ತದೆ.

ಅದಕ್ಕೂ ಆಗದಿದ್ದರೆ ಕ್ಲೀನಿಂಗ್ ಕ್ಯಾಸೆಟ್. ಸೋನಿಯಲ್ಲಿ 'ಸಿ:22:00' ಬಂದರೂ ಅರ್ಥ ಇದೇ, ಹೆಡ್ ಕೊಳೆಯಾಗಿದೆ. ಒಣ ಥರದ್ದನ್ನೇ ಕೊಳ್ಳಿ. ಪ್ಲೇ ಒತ್ತಿ ಹತ್ತು ಸೆಕೆಂಡ್ ಓಡಿಸಿ ನಿಲ್ಲಿಸಿ. ಅಷ್ಟೇ. ಓಡಿಸಿದ ಭಾಗವನ್ನು ರಿವೈಂಡ್ ಮಾಡಿ ಮತ್ತೆ ಬಳಸಬೇಡಿ, ಕೊಳೆ ಅಲ್ಲೇ ಇರುತ್ತದೆ. ಕ್ಲೀನಿಂಗ್ ಕ್ಯಾಸೆಟ್ ಅಂದರೆ ಒಳಗೊಳಗೆ ನಯವಾದ ಉಪ್ಪುಕಾಗದ. ಅರ್ಧ ನಿಮಿಷ ಬಿಟ್ಟರೆ ಇನ್ನೂ ಕ್ಲೀನ್ ಆಗುತ್ತೆ ಅನ್ನುವ ಲೆಕ್ಕ ತಪ್ಪು, ಹೆಡ್ಡೇ ಸವೆಯುತ್ತದೆ. ಎರಡು ಮೂರು ಸಲ ಮಾಡಿಯೂ ಬದಲಾವಣೆ ಇಲ್ಲ ಅಂದರೆ ಕೊಳೆ ಅಲ್ಲ, ಸವೆತ.

ಇಯರ್ ಬಡ್ಸ್ ತೆಗೆದುಕೊಂಡು ಸ್ಪಿರಿಟ್ಟಿನಲ್ಲಿ ಡ್ರಮ್ ಒರೆಸುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ, ಅಲ್ವಾ? ಬೇಡ. ಹತ್ತಿಯ ಎಳೆ ಹೆಡ್ಡಿಗೆ ಸಿಕ್ಕಿ ಅದರ ತುದಿಯನ್ನೇ ಮುರಿಯುತ್ತದೆ. ತಿಳಿದವರು ಎಳೆ ಬಿಡದ ಬಟ್ಟೆಗೆ 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ, ಬಟ್ಟೆಯನ್ನು ಅಲುಗಾಡಿಸದೆ ಹಿಡಿದು, ಡ್ರಮ್ಮನ್ನು ಕೈಯಲ್ಲಿ ತಿರುಗಿಸುತ್ತಾರೆ. ಮೇಲೆ ಕೆಳಗೆ ಉಜ್ಜುವುದಿಲ್ಲ. ಒಮ್ಮೆ ಯಾರಾದರೂ ಮಾಡುವುದನ್ನು ಎದುರಿಗೇ ನೋಡದೆ ಕೈ ಹಾಕುವ ಕೆಲಸವಲ್ಲ.

ಬೇರೆ ಕ್ಯಾಮೆರಾದಲ್ಲಿ ರೆಕಾರ್ಡ್ ಆದ ಕ್ಯಾಸೆಟ್ ಮಾತ್ರ ಒಡೆಯುತ್ತದೆ, ಇದರಲ್ಲೇ ರೆಕಾರ್ಡ್ ಮಾಡಿದ್ದು ಚೆನ್ನಾಗಿ ಬರುತ್ತದೆ ಅಂದರೆ ಗಾಬರಿ ಬೇಡ. ಹಳೆಯದು ಎಲ್‌ಪಿ, ಅಂದರೆ ಟೇಪನ್ನು ನಿಧಾನವಾಗಿ ಓಡಿಸುವ ಮೋಡಿನಲ್ಲಿ ಆಗಿರಬಹುದು. ಕ್ಯಾಸೆಟ್ ಉಳಿಸೋಣ ಅಂತ 60 ನಿಮಿಷದ ಟೇಪಿನಲ್ಲಿ 90 ನಿಮಿಷ ತುಂಬುತ್ತಿದ್ದ ಕಾಲ ಅದು. ಎಲ್‌ಪಿಯಲ್ಲಿ ಗೆರೆಯ ಅಗಲ 6.7 ಮೈಕ್ರಾನಿಗೆ ಇಳಿಯುತ್ತದೆ. ಬೇರೆ ಯಂತ್ರದ ಹೆಡ್ ಅಷ್ಟು ಕಿರಿದಾದ ದಾರಿಯನ್ನು ಹಿಡಿಯುವುದು ಕಷ್ಟ. ರೆಕಾರ್ಡ್ ಮಾಡಿದ ಕ್ಯಾಮೆರಾ ಇನ್ನೂ ಅಣ್ಣನ ಮನೆಯಲ್ಲೋ ಅತ್ತೆಯ ಮನೆಯಲ್ಲೋ ಇದ್ದರೆ ಮೊದಲು ಅದನ್ನೇ ತರಿಸಿ. ಹೆಡ್ ಕ್ಲೀನಿಂಗಿಗಿಂತ ಅದು ಉತ್ತಮ ಔಷಧಿ.

ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಅಂಚಿಗೆ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಅದನ್ನು ಯಾವ ಒಳ್ಳೆಯ ಕ್ಯಾಮೆರಾಕ್ಕೂ ಹಾಕಬೇಡಿ. ಒಂದು ಕ್ಯಾಸೆಟ್ಟಿನ ಬೂಷ್ಟು ಹೆಡ್ ಮೂಲಕ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಬೇರೆ ಕವರಿನಲ್ಲಿ ಕಟ್ಟಿಡಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ಮುಟ್ಟಿ. ಬೂಷ್ಟು ಬಿಡಿಸುವವರಿಗೆ ಕೊಡುವುದೇ ದಾರಿ.

ಪ್ಲೇ ಮಾಡುವಾಗ ಕೀರಲು ಸದ್ದು, ಗೊರಗೊರ ಸದ್ದು ಬಂದರೆ ಪ್ರಯೋಗ ಅಲ್ಲಿಗೇ ಬಿಡಿ. ಟೇಪಿನ ಲೇಪ ಅಂಟಾಗಿದೆ, ಇಲ್ಲವೇ ಒಳಗಿನ ಯಾವುದೋ ಚಕ್ರ ಹಿಡಿದುಕೊಂಡಿದೆ.

ಟೇಪ್ ಓಡುತ್ತದೆ, ಪರದೆ ಮಾತ್ರ ನೀಲಿ

ಕೌಂಟರ್ ಅಂಕಿ ಮುಂದಕ್ಕೆ ಹೋಗುತ್ತಿದೆ, ಚಿತ್ರವೇ ಇಲ್ಲ. ಇದು ಹೆಡ್ಡಿನ ದೋಷ ಆಗಿರಬಹುದು. ಆದರೆ ನಮ್ಮ ಊರಿನಲ್ಲಿ ಮೊದಲು ಅನುಮಾನ ಪಡಬೇಕಾದ್ದು ಬೇರೆ.

2000ದ ದಶಕದಲ್ಲಿ ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿ ಬಂದವರು ತಂದ ಕ್ಯಾಮೆರಾಗಳು ಬೆಂಗಳೂರಿನಲ್ಲಿ ಲೆಕ್ಕವಿಲ್ಲ. ಅವು ಅಲ್ಲಿಯ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯವು. ಇಲ್ಲಿ ಮಾರುತ್ತಿದ್ದದ್ದು ಪಾಲ್. ಟೇಪಿನ ಡಬ್ಬಿ ಒಂದೇ, ಒಳಗಿನ ಬರವಣಿಗೆ ಬೇರೆ. ಸಾಮಾನ್ಯವಾಗಿ ಒಂದರದ್ದನ್ನು ಇನ್ನೊಂದು ಓದುವುದಿಲ್ಲ. ಗುರುತಿಸುವುದು ಹೇಗೆ? ಸೋನಿ ಮಾಡೆಲ್ ನಂಬರಿನ ಕೊನೆಗೆ 'ಇ' ಇದ್ದರೆ ಪಾಲ್. ಟಿಆರ್‌ವಿ 22 ಅಂದರೆ ಅಮೆರಿಕದ್ದು, ಟಿಆರ್‌ವಿ 22ಇ ಅಂದರೆ ಪಾಲ್. ಪ್ಯಾನಸಾನಿಕ್‌ನಲ್ಲಿ ಎನ್‌ವಿ ಅಂತ ಶುರುವಾದರೆ ಪಾಲ್, ಪಿವಿ ಅಂತಿದ್ದರೆ ಅಮೆರಿಕದ್ದು. ಕ್ಯಾನನ್‌ನ ಜೆಡ್‌ಆರ್ ಸಾಲು ಅಲ್ಲಿಯದು, ಎಂವಿ ಸಾಲು ಪಾಲ್. ತವರಿನವರ ಕ್ಯಾಮೆರಾದ ಕ್ಯಾಸೆಟ್ ನೋಡಲು ಇಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವ ಮೊದಲು ಇದೊಂದನ್ನು ಖಾತ್ರಿ ಮಾಡಿಕೊಳ್ಳಿ. ಇಲ್ಲದಿದ್ದರೆ ದುಡ್ಡು ದಂಡ.

ಚೌಟ್ರಿ ಮದುವೆಯ ಕ್ಯಾಸೆಟ್ ಆಗಿದ್ದರೆ ಇನ್ನೊಂದು ಸಾಧ್ಯತೆ. ವಿಡಿಯೋದವರು ಸೋನಿ ಪಿಡಿ 170ರಂಥ ದೊಡ್ಡ ಕ್ಯಾಮೆರಾದಲ್ಲಿ ಡಿವಿಕ್ಯಾಮ್ ಮೋಡ್ ಹಾಕಿರಬಹುದು. ಅದರಲ್ಲಿ ಟೇಪ್ ಒಂದೂವರೆ ಪಟ್ಟು ಬೇಗ ಓಡುತ್ತದೆ, 60 ನಿಮಿಷದ ಕ್ಯಾಸೆಟ್ಟಿನಲ್ಲಿ 40 ನಿಮಿಷ ಮಾತ್ರ ಹಿಡಿಯುತ್ತದೆ. ಮನೆ ಬಳಕೆಯ ಎಷ್ಟೋ ಕ್ಯಾಮೆರಾಗಳು ಅದನ್ನು ಓದುವುದಿಲ್ಲ. 2003ರ ನಂತರ ಬಂದ, ಎಚ್‌ಡಿ ಚಿತ್ರ ಹಿಡಿಯುವ ಎಚ್‌ಡಿವಿಯೂ ಹಾಗೆಯೇ. ಕ್ಯಾಸೆಟ್ ಅದೇ ಪುಟ್ಟದ್ದು, ಸಾದಾ ಡಿವಿ ಕ್ಯಾಮೆರಾಕ್ಕೆ ಅರ್ಥವಾಗದ ಭಾಷೆ. ಕ್ಯಾಸೆಟ್ ಸ್ವಲ್ಪ ದೊಡ್ಡದಾಗಿ, ಗೂಡಿನಲ್ಲಿ ಕೂರುವುದೇ ಇಲ್ಲ ಅಂದರೆ ಅದು 8 ಮಿಲಿಮೀಟರಿನ ಹೈ8 ಅಥವಾ ಡಿಜಿಟಲ್8. ಅದಕ್ಕೆ ಬೇರೆಯದೇ ಕ್ಯಾಮೆರಾ ಬೇಕು.

ಹಳೆಯ ಕ್ಯಾಸೆಟ್ ಚೆನ್ನಾಗಿ ಕಾಣುತ್ತದೆ, ಹೊಸದಾಗಿ ಶೂಟ್ ಮಾಡಿದರೆ ಕಪ್ಪು ಅಥವಾ ನೇರಳೆ

ಲೆನ್ಸ್ ಮುಚ್ಚಳ ತೆಗೆದಿದ್ದೀರಿ, ಸ್ವಿಚ್ ಕ್ಯಾಮೆರಾ ಕಡೆಗಿದೆ ಅಂತ ಇಟ್ಟುಕೊಳ್ಳೋಣ. ಪರದೆಯ ಮೇಲಿನ ಅಕ್ಷರಗಳು ಸ್ವಚ್ಛವಾಗಿವೆಯಾ ನೋಡಿ. ಅಕ್ಷರ ಸರಿ, ಚಿತ್ರ ಮಾತ್ರ ಕರಗಿದ ಬಣ್ಣದಂತೆ, ಗೆರೆ ಗೆರೆಯಾಗಿ, ಇಲ್ಲವೇ ಪೂರ್ತಿ ಕಪ್ಪು ಅಂದರೆ ಚಿತ್ರ ಹಿಡಿಯುವ ಸಿಸಿಡಿ ಚಿಪ್ ಹೋಗಿದೆ.

ಇದಕ್ಕೊಂದು ಇತಿಹಾಸ ಇದೆ. ಸೋನಿ ತಯಾರಿಸಿದ ಕೆಲವು ಸಿಸಿಡಿಗಳಲ್ಲಿ ಒಳಗಿನ ತಂತಿಯ ಬೆಸುಗೆ ಸೆಕೆಗೆ, ತೇವಕ್ಕೆ ಬಿಟ್ಟುಕೊಳ್ಳುತ್ತಿತ್ತು. 2005ರ ಅಕ್ಟೋಬರಿನಲ್ಲಿ ಸೋನಿ ಇದನ್ನು ಒಪ್ಪಿಕೊಂಡು ಉಚಿತ ರಿಪೇರಿ ಘೋಷಿಸಿತು. ಅದೇ ಚಿಪ್ ಹಾಕಿದ್ದ ಕ್ಯಾನನ್, ನಿಕಾನ್, ಫ್ಯೂಜಿ ಕೂಡ ತಮ್ಮ ಮಾಡೆಲ್‌ಗಳ ಪಟ್ಟಿ ಕೊಟ್ಟವು. ಇಷ್ಟು ವರ್ಷದ ಮೇಲೆ ಚಿಪ್ ಬದಲಿಸಲು ದುಡ್ಡು ಹಾಕುವುದು ನನ್ನ ಪ್ರಕಾರ ವ್ಯರ್ಥ. ಆದರೆ ಕ್ಯಾಮೆರಾ ಎಸೆಯಬೇಡಿ. ಟೇಪ್ ಓದುವ ಭಾಗಕ್ಕೂ ಸಿಸಿಡಿಗೂ ಸಂಬಂಧ ಇಲ್ಲ. ಶೂಟಿಂಗಿಗೆ ಸತ್ತ ಕ್ಯಾಮೆರಾ ಕ್ಯಾಸೆಟ್ ಕಾಪಿಗೆ ಸೊಗಸಾಗಿ ನಡೆಯುತ್ತದೆ. ಮಾರುವವರು 'ವಿಡಿಯೋ ಬರಲ್ಲ ಸಾರ್' ಅಂತ ಕಡಿಮೆಗೆ ಕೊಡುವ ಇಂಥದ್ದನ್ನು ಕಾಪಿ ಮಾಡಬೇಕಾದವರು ಧೈರ್ಯವಾಗಿ ಪರೀಕ್ಷಿಸಿ ಕೊಳ್ಳಬಹುದು.

ಸೋನಿಯಲ್ಲಿ ಫೋಕಸ್ ಕೂರದೆ 'ಇ:61' ಅಥವಾ 'ಇ:62' ಅಂತ ಬಂದರೆ ಲೆನ್ಸಿನ ಯಂತ್ರದ ತಕರಾರು. ಇದೂ ಕಾಪಿಗೆ ಅಡ್ಡಿಯಲ್ಲ.

ಎಲ್‌ಸಿಡಿ ಕಪ್ಪಾಗಿ ವ್ಯೂಫೈಂಡರಿನಲ್ಲಿ ಚಿತ್ರ ಬರುತ್ತಿದ್ದರೆ ದೋಷ ಮಡಚುವ ಕೀಲಿನ ಒಳಗಿನ ರಿಬ್ಬನ್ ಕೇಬಲ್‌ನದ್ದು. ಪರದೆಯನ್ನು ಬೇರೆ ಬೇರೆ ಕೋನದಲ್ಲಿ ತಿರುಗಿಸಿದಾಗ ಮಿಣುಕಿದರೆ ಖಚಿತ. ಟಿವಿಗೆ ಜೋಡಿಸಿಕೊಂಡು ಕೆಲಸ ಸಾಗಿಸಿ.

ಟಿವಿಯಲ್ಲಿ ಸದ್ದಿನ ಜಾಗದಲ್ಲಿ ಗುಂಯ್ ಅನ್ನುತ್ತದೆ, ಚಿತ್ರ ಇಲ್ಲ

ಕ್ಯಾಮೆರಾದ ಕೇಬಲ್ ಕಳೆದುಹೋಗಿ ಅಂಗಡಿಯ ಯಾವುದೋ ಕೇಬಲ್ ಹಾಕಿದ್ದೀರಿ. ನಾಲ್ಕು ಪಟ್ಟಿಯ ಆ 3.5 ಮಿಲಿಮೀಟರ್ ಜ್ಯಾಕಿನಲ್ಲಿ ಯಾವ ಪಟ್ಟಿಗೆ ಚಿತ್ರ, ಯಾವುದಕ್ಕೆ ಧ್ವನಿ ಅನ್ನುವುದು ಕಂಪನಿಗೊಂದು ಥರ. ಟಿವಿಯ ಹಳದಿ ತೂತಿಗೆ ಕೆಂಪು ಪಿನ್ ಹಾಕಿ ನೋಡಿ, ಆಮೇಲೆ ಬಿಳಿ. ಯಾವುದೋ ಒಂದರಲ್ಲಿ ಚಿತ್ರ ಬರುತ್ತದೆ.

ಕಂಪ್ಯೂಟರ್ ಕ್ಯಾಮೆರಾವನ್ನು ಗುರುತಿಸುವುದೇ ಇಲ್ಲ

ಮೊದಲು ಯಾವ ಕೇಬಲ್ ಹಾಕಿದ್ದೀರಿ ನೋಡಿ. ಹೆಚ್ಚಿನ ಮಿನಿ ಡಿವಿ ಕ್ಯಾಮೆರಾಗಳಲ್ಲಿ ಯುಎಸ್‌ಬಿ ಇರುವುದು ಫೋಟೋ ಇಳಿಸಿಕೊಳ್ಳಲು, ಇಲ್ಲವೇ ವೆಬ್‌ಕ್ಯಾಮ್ ಆಗಿ ಬಳಸಲು. ಟೇಪಿನ ಪೂರ್ತಿ ಗುಣಮಟ್ಟದ ವಿಡಿಯೋ ಬರುವುದು ಫೈರ್‌ವೈರ್ ತೂತಿನಿಂದ. ಸೋನಿ ಅದನ್ನು ಐ-ಲಿಂಕ್ ಅನ್ನುತ್ತದೆ, ಬೇರೆಯವರು ಡಿವಿ ಅಂತ ಬರೆಯುತ್ತಾರೆ. ಕ್ಯಾಮೆರಾ ಕಡೆ ನಾಲ್ಕು ಪಿನ್, ಕಂಪ್ಯೂಟರ್ ಕಡೆ ಸಾಮಾನ್ಯವಾಗಿ ಆರು.

'ಫೈರ್‌ವೈರ್‌ನಿಂದ ಯುಎಸ್‌ಬಿಗೆ' ಅಂತ ಒಂದು ಪುಟ್ಟ ಪ್ಲಗ್ ಸಿಗುತ್ತದೆ. ಅದನ್ನು ಕೊಳ್ಳಬೇಡಿ. ತಂತಿ ಜೋಡಿಸಿದ ಮಾತ್ರಕ್ಕೆ ಆ ಎರಡು ಪದ್ಧತಿಗಳು ಮಾತಾಡಿಕೊಳ್ಳುವುದಿಲ್ಲ. ಕಂಪ್ಯೂಟರ್ ಗುರುತಿಸುತ್ತಿಲ್ಲ ಅನ್ನುವವರ ಮೇಜಿನ ಮೇಲೆ ಸಾಮಾನ್ಯವಾಗಿ ಇದೇ ಪ್ಲಗ್ ಇರುತ್ತದೆ.

ಸರಿಯಾದ ದಾರಿ ಡೆಸ್ಕ್‌ಟಾಪಿಗೆ ಪಿಸಿಐ ಎಕ್ಸ್‌ಪ್ರೆಸ್ ಫೈರ್‌ವೈರ್ ಕಾರ್ಡ್, ಇಲ್ಲವೇ ಫೈರ್‌ವೈರ್ ತೂತಿರುವ ಹಳೆಯ ಲ್ಯಾಪ್‌ಟಾಪ್. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರುವ ಕಾರ್ಡ್ ಸಿಕ್ಕರೆ ತಕರಾರು ಕಡಿಮೆ. ಎಸ್‌ಪಿ ರೋಡಿನಲ್ಲಿ ಹಳೆಯ ಕಂಪ್ಯೂಟರ್ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ ನೋಡಿ. 'ಯಾವ ಕಾಲದ್ದು ಕೇಳ್ತಿದ್ದೀರಾ ಸಾರ್' ಅಂತ ನಗುತ್ತಾರೆ, ಆದರೂ ಮಹಡಿ ಮೇಲಿನ ಡಬ್ಬದಲ್ಲಿ ಹುಡುಕಿ ಕೊಡುವವರು ಇದ್ದಾರೆ. ಮ್ಯಾಕ್ ಇರುವವರು ಗಮನಿಸಿ: ಮ್ಯಾಕ್‌ಒಎಸ್ 26ರಿಂದ ಆಪಲ್ ಫೈರ್‌ವೈರ್ ಬೆಂಬಲವನ್ನೇ ತೆಗೆದಿದೆ. ಅಡಾಪ್ಟರ್ ಎಷ್ಟು ಹಾಕಿದರೂ ಪ್ರಯೋಜನವಿಲ್ಲ. ಹಳೆಯ ಮ್ಯಾಕ್ ಇದ್ದರೆ ಅಪ್‌ಡೇಟ್ ಮಾಡದೆ ಈ ಕೆಲಸಕ್ಕೇ ಎತ್ತಿಡಿ.

ಜೋಡಿಸುವಾಗ ಎರಡನ್ನೂ ಆಫ್ ಮಾಡಿ ಜೋಡಿಸಿ. ಆರು ಪಿನ್ನಿನ ಪ್ಲಗ್ ತಿರುಗಾಮುರುಗಾ ಆಗಿ ಬಲವಂತದಿಂದ ಹೋದರೆ ಕಂಪ್ಯೂಟರಿನ ಪವರ್ ನೇರ ಡೇಟಾ ತಂತಿಗೆ ಹರಿದು ಕ್ಯಾಮೆರಾದ ತೂತು ಸುಟ್ಟುಹೋಗುತ್ತದೆ. ಸುಟ್ಟ ಮೇಲೆ ಕ್ಯಾಮೆರಾ ಬೇರೆಲ್ಲ ವಿಷಯದಲ್ಲಿ ಚೆನ್ನಾಗೇ ಇರುತ್ತದೆ, ಕಂಪ್ಯೂಟರಿಗೆ ಮಾತ್ರ ಕಾಣುವುದಿಲ್ಲ. ಅದಕ್ಕೇ ಮೋಸ ಹೋಗುವುದು ಸುಲಭ.

ಎಲ್ಲ ಜೋಡಿಸಿಯೂ ಕಾಣದಿದ್ದರೆ ಈ ಸಾಲಿನಲ್ಲಿ ನೋಡಿ. ಕ್ಯಾಮೆರಾ ಪ್ಲೇ ಮೋಡಿನಲ್ಲಿದೆಯಾ? ಅಡಾಪ್ಟರ್ ಮೇಲಿದೆಯಾ? ಬೇರೆ ಕೇಬಲ್ ಹಾಕಿದರೆ? ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ 1394 (ಫೈರ್‌ವೈರ್‌ನ ಇನ್ನೊಂದು ಹೆಸರು) ಕಾರ್ಡ್ ತೋರಿಸುತ್ತದಾ? ಕಾರ್ಡ್ ತೋರಿಸಿ ಕ್ಯಾಮೆರಾ ತೋರಿಸದಿದ್ದರೆ ಹಳೆಯ 1394 ಡ್ರೈವರ್, ಅಂದರೆ 'ಲೆಗಸಿ' ಅಂತ ಕರೆಯುವುದನ್ನು ಹಾಕಿ ನೋಡಿ. ವಿಂಡೋಸ್ 10, 11ರಲ್ಲಿ ಎಷ್ಟೋ ಸಲ ಇದೇ ಕೀಲಿಕೈ. ಕೊನೆಗೆ ಇನ್ನೊಂದು ಕ್ಯಾಮೆರಾವನ್ನು ಅದೇ ಕೇಬಲ್ಲಿಗೆ ಹಾಕಿ. ಅದು ಕಂಡರೆ ನಿಮ್ಮ ಕ್ಯಾಮೆರಾದ ತೂತು ಹೋಗಿದೆ.

ವಿಂಡೋಸಿನಲ್ಲಿ ವಿನ್‌ಡಿವಿ, ಲಿನಕ್ಸಿನಲ್ಲಿ ಡಿವಿಗ್ರ್ಯಾಬ್, ಎರಡೂ ಉಚಿತ. ಒಂದು ಗಂಟೆಯ ಟೇಪ್ ಇಳಿಸಲು ಒಂದು ಗಂಟೆಯೇ ಬೇಕು, ಸುಮಾರು 13 ಜಿಬಿ ಜಾಗ ಬೇಕು. ಮಧ್ಯೆ ಮಧ್ಯೆ ಫ್ರೇಮ್ ಬಿಟ್ಟುಹೋದರೆ ಹೆಡ್ಡನ್ನು ಬೈಯುವ ಮೊದಲು ಅದೇ ಜಾಗವನ್ನು ಕ್ಯಾಮೆರಾದ ಪರದೆಯಲ್ಲಿ ನೋಡಿ. ಅಲ್ಲಿ ಚೆನ್ನಾಗಿದ್ದರೆ ನಿಧಾನ ಇರುವುದು ಕಂಪ್ಯೂಟರ್. ಕ್ಯಾಮೆರಾದ ಫೈರ್‌ವೈರ್ ಸತ್ತಿದ್ದರೆ ಹಳದಿ-ಬಿಳಿ-ಕೆಂಪು ಕೇಬಲ್ಲಿನಿಂದ ಯುಎಸ್‌ಬಿ ಕ್ಯಾಪ್ಚರ್ ಡಬ್ಬಿಗೆ ಹಾಕಿಕೊಳ್ಳಬಹುದು. ಗುಣಮಟ್ಟ ಇಳಿಯುತ್ತದೆ. ಕ್ಯಾಮೆರಾದಲ್ಲಿ ಎಸ್-ವಿಡಿಯೋ ಅನ್ನುವ ತೂತು ಇದ್ದರೆ ಚಿತ್ರಕ್ಕೆ ಹಳದಿಯ ಬದಲು ಅದನ್ನೇ ಬಳಸಿ.

ದೋಷದಂತೆ ಕಂಡರೂ ದೋಷವಲ್ಲದವು

ಕ್ಯಾಸೆಟ್ ಹಾಕಿ ಸುಮ್ನೆ ಬಿಟ್ಟರೆ ಐದು ನಿಮಿಷದೊಳಗೆ ತಾನೇ ಆಫ್ ಆಗುತ್ತದೆ. ಟೇಪ್ ಒಂದೇ ಕಡೆ ಸವೆಯದಿರಲಿ ಅಂತ ಮಾಡಿದ ಏರ್ಪಾಡು ಅದು. ರೆಕಾರ್ಡಿಂಗಿನಲ್ಲಿ ಸಣ್ಣಗೆ ಮೋಟಾರಿನ ಸದ್ದು ಕೇಳುವುದೂ ಸಹಜ, ಮೈಕ್ ಪಕ್ಕದಲ್ಲೇ ಯಂತ್ರ ಇದೆ. ಪ್ರತಿ ಸಲ ತಾರೀಕು ಮರೆತರೆ ಒಳಗಿನ ಪುಟ್ಟ ಬ್ಯಾಟರಿ ಖಾಲಿ. ಕೆಲವದರಲ್ಲಿ ನಾಣ್ಯದಂಥ ಬ್ಯಾಟರಿ ಬದಲಿಸಬಹುದು. ಉಳಿದವನ್ನು ಒಂದು ದಿನ ಅಡಾಪ್ಟರಿಗೆ ಹಾಕಿಟ್ಟರೆ ಚಾರ್ಜ್ ಆಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ, ರಿಪೇರಿಗೆ ಕೊಡುವಾಗ

ಆನ್ ಆಗುತ್ತೆ ನೋಡಿ ಅಂತ ತೋರಿಸುವುದು ಏನನ್ನೂ ಹೇಳುವುದಿಲ್ಲ. ನಿಮ್ಮದೇ ಕ್ಯಾಸೆಟ್ ಒಯ್ಯಿರಿ. ಎರಡು ಇರಲಿ: ಬೇರೆ ಕ್ಯಾಮೆರಾದಲ್ಲಿ ಚೆನ್ನಾಗಿ ಓಡುವ ಒಂದು, ಖಾಲಿ ಒಂದು. ಮೊದಲನೆಯದು ಪ್ಲೇ ಆಗಬೇಕು. ಎರಡನೆಯದರಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿ ಅಲ್ಲೇ ನೋಡಿ. ತನ್ನದು ಓದಿ, ಬೇರೆಯದು ಓದದ ಕ್ಯಾಮೆರಾದಲ್ಲಿ ಟೇಪಿನ ದಾರಿ ಓರೆಯಾಗಿರುವ ಸಾಧ್ಯತೆ ಹೆಚ್ಚು. ಕಾಪಿ ಕೆಲಸಕ್ಕೆ ಅಂಥದ್ದು ಬೇಡ. ಸಾಧ್ಯವಾದರೆ ಲ್ಯಾಪ್‌ಟಾಪ್ ಒಯ್ದು ಫೈರ್‌ವೈರನ್ನೂ ಪರೀಕ್ಷಿಸಿ. ಅಡಾಪ್ಟರ್ ಇಲ್ಲದ ಕ್ಯಾಮೆರಾ ಎಷ್ಟೇ ಅಗ್ಗವಾದರೂ ಪರೀಕ್ಷಿಸಲು ಆಗುವುದಿಲ್ಲವಲ್ಲ, ಬಿಟ್ಟುಬಿಡಿ.

ಮನೆಯಲ್ಲಿ ಕ್ಯಾಮೆರಾ ಬಿಚ್ಚುವ ಉತ್ಸಾಹ ಇರುವವರಿಗೆ ಒಂದು ಎಚ್ಚರಿಕೆ. ಫೋಟೋ ಫ್ಲ್ಯಾಶ್ ಇರುವ ಮಾಡೆಲ್‌ಗಳಲ್ಲಿ ಕೆಪ್ಯಾಸಿಟರ್ ಸುಮಾರು 300 ವೋಲ್ಟ್ ಹಿಡಿದಿಟ್ಟುಕೊಂಡಿರುತ್ತದೆ. ಬ್ಯಾಟರಿ ತೆಗೆದ ಮೇಲೂ ಬಲವಾಗಿ ಹೊಡೆಯುತ್ತದೆ. ಅಡಾಪ್ಟರನ್ನಂತೂ ಯಾವ ಕಾರಣಕ್ಕೂ ಬಿಚ್ಚಬೇಡಿ.

ರಿಪೇರಿ ಅಂಗಡಿಗೆ ಹೋಗುವಾಗ ಮನೆಯ ಕ್ಯಾಸೆಟ್ ಹೊರಗೆ ತೆಗೆದಿಟ್ಟು, ಪರೀಕ್ಷೆಯ ಕ್ಯಾಸೆಟ್ ಮಾತ್ರ ಕೊಡಿ. ಒಳಗೇ ಸಿಕ್ಕಿಕೊಂಡಿದ್ದರೆ 'ಕ್ಯಾಮೆರಾ ಹೋದರೂ ಚಿಂತೆ ಇಲ್ಲ, ಟೇಪ್ ಕತ್ತರಿಸಬೇಡಿ' ಅಂತ ಚೀಟಿಯಲ್ಲಿ ಬರೆಸಿ. ಪರದೆಯಲ್ಲಿ ಬಂದ ಅಂಕಿಯ ಫೋಟೋ ಫೋನಿನಲ್ಲಿ ತೆಗೆದಿಡಿ, 'ಏನೋ ಬರ್ತಿತ್ತು' ಅನ್ನುವುದಕ್ಕಿಂತ ಅದು ಅವರಿಗೆ ಜಾಸ್ತಿ ಹೇಳುತ್ತದೆ. ಅಂದಾಜು ಖರ್ಚು ಮೊದಲೇ ಕೇಳಿ. ಹೆಡ್ ಡ್ರಮ್ಮೇ ಬದಲಿಸಬೇಕು ಅಂದರೆ ಆ ಬೆಲೆಯನ್ನು ಚೆನ್ನಾಗಿ ಓಡುವ ಇನ್ನೊಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾದ ಬೆಲೆಯ ಪಕ್ಕದಲ್ಲಿಟ್ಟು ನೋಡಿ, ಆಮೇಲೆ ಹೂಂ ಅನ್ನಿ.